ರಜೆ ಪಡೆದು ರಣರಂಗಕ್ಕೆ ಹೋದ ಪ್ರಾಧ್ಯಾಪಕ: ಜೋಶುವಾ ಚೇಂಬರ್ಲೇನನ ಜೀವನ

ಅಮೇರಿಕೆಯ ಕಾಲೇಜುಗಳಲ್ಲಿ ನಮಗೆ ವಿಚಿತ್ರವಾಗಿ ತೋರುವ ಒಂದು ಪದ್ಧತಿಯುಂಟು. ಅಲ್ಲಿಯ ವಿದ್ಯಾರ್ಥಿಗಳು ಗ್ರೀಕ್ ವರ್ಣಮಾಲೆಯ ಎರಡು ಮೂರು ಅಕ್ಷರಗಳನ್ನೇ ಹೆಸರಾಗಿಟ್ಟುಕೊಂಡು ಭ್ರಾತೃಸಂಘಗಳನ್ನು ಕಟ್ಟಿಕೊಳ್ಳುತ್ತಾರೆ. ಸೇರುವವನು ಪ್ರತಿಜ್ಞೆ ಕೈಕೊಳ್ಳಬೇಕು, ಸಂಘದ ಗುಟ್ಟನ್ನು ಕಾಯಬೇಕು, ಒಮ್ಮೆ ಸೇರಿದ ಮೇಲೆ ಸಹಸದಸ್ಯನನ್ನು ಬಾಳಿನುದ್ದಕ್ಕೂ ಒಡಹುಟ್ಟಿದವನೆಂದೇ ಭಾವಿಸಬೇಕು. ಇಂಥ ಸಂಘಗಳಲ್ಲಿ ಮೊದಲನೆಯದೆಂದು ಹೆಸರಾದ ಫೈ ಬೀಟಾ ಕಪ್ಪಾ ಹುಟ್ಟಿದ್ದು 1776ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ವರ್ಜೀನಿಯಾ ಪ್ರಾಂತದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಆ ದೇಶವು ತನ್ನ ಸ್ವಾತಂತ್ರ್ಯವನ್ನು ಸಾರಿ ಆಗಿನ್ನೂ ಐದೇ ತಿಂಗಳಾಗಿತ್ತು. ಹುಡುಗರು ಸಾಹಿತ್ಯವನ್ನೂ ತತ್ತ್ವಶಾಸ್ತ್ರವನ್ನೂ ಚರ್ಚಿಸುತ್ತಿದ್ದಂತೆಯೇ ಯುದ್ಧವು ಕಾಲೇಜಿನ ಬಾಗಿಲಿಗೆ ಬಂದು, 1781ರ ಹೊತ್ತಿಗೆ ಆ ಮೂಲಶಾಖೆಯೇ ನಿಂತುಹೋಯಿತು. ಹೀಗೆ ಭ್ರಾತೃಸಂಘಗಳ ಮೇಲೆ ರಣಭೂಮಿಯ ನೆರಳು ಮೊದಲಿನಿಂದಲೂ ಬಿದ್ದಿತ್ತು.

ಆದರೆ ಈ ಅಣ್ಣತಮ್ಮಂದಿರ ಪ್ರತಿಜ್ಞೆಯನ್ನು ನಿಜವಾಗಿ ಒರೆಗೆ ಹಚ್ಚಿದ್ದು 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧ. ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಹಟದಿಂದ ದಕ್ಷಿಣದ ಹನ್ನೊಂದು ಸಂಸ್ಥಾನಗಳು ಒಕ್ಕೂಟದಿಂದ ಸಿಡಿದು ಬೇರೆಯಾದವು; ಆ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಕರಿಯ ಜನರು ದನಕರುಗಳಂತೆ ಕೊಂಡುಕೊಳ್ಳಲ್ಪಡುತ್ತಿದ್ದರು. ಕಾಲೇಜಿನಲ್ಲಿ ಒಂದೇ ಪದಕವನ್ನು ಎದೆಗೆ ಸಿಕ್ಕಿಸಿಕೊಂಡವರು ಈಗ ಒಬ್ಬರ ಎದೆಗೊಬ್ಬರು ಕೋವಿಯ ಗುರಿಯಿಟ್ಟರು. ಮಿಸಿಸಿಪಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯೂನಿವರ್ಸಿಟಿ ಗ್ರೇಸ್ ಎಂಬ ಹೆಸರಿನಿಂದ ಒಂದು ಇಡೀ ತುಕಡಿಯನ್ನೇ ಕಟ್ಟಿಕೊಂಡು ದಕ್ಷಿಣದ ಪರವಾಗಿ ಹೊರಟರು. 1863ರ ಜುಲೈ 3ರಂದು ಗೆಟಿಸ್‌ಬರ್ಗಿನ ಬಯಲಿನಲ್ಲಿ ಮುನ್ನುಗ್ಗಿದ ಆ ತುಕಡಿಯಲ್ಲಿ ಸಾಯದೆ, ಗಾಯಗೊಳ್ಳದೆ, ಸೆರೆಸಿಕ್ಕದೆ ಮರಳಿದವನು ಒಬ್ಬನೂ ಇರಲಿಲ್ಲ. ಸಿಗ್ಮಾ ಕೈ ಎಂಬ ಮತ್ತೊಂದು ಸಂಘದ ಕೆಲವು ತರುಣರು 1864ರ ಸೆಪ್ಟೆಂಬರಿನಲ್ಲಿ, ಅಟ್ಲಾಂಟಾ ಪಟ್ಟಣದ ಬಳಿ, ತಮ್ಮ ಪಕ್ಷದ ಸೋಲು ಕಣ್ಣಿಗೆ ಕಟ್ಟುತ್ತಿದ್ದಾಗ, ದಂಡಿನ ಬಿಡಾರದಲ್ಲಿಯೇ ತಮ್ಮ ಸಂಘದ ಒಂದು ಶಾಖೆಯನ್ನು ತೆರೆದರು. ಕಾಲೇಜೂ ಇಲ್ಲ, ಪಾಠವೂ ಇಲ್ಲ; ಆದರೂ ಸಂಘ ಬೇಕಾಗಿತ್ತು.

ಇಂಥ ಸಂಘಗಳಿಂದ ಸೈನ್ಯಕ್ಕೆ ಹೋದವರಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸನ್ನು ಸೆಳೆಯುವವನು ಉತ್ತರದ ಮೇನ್ ಸಂಸ್ಥಾನದ ಜೋಶುವಾ ಲಾರೆನ್ಸ್ ಚೇಂಬರ್ಲೇನನು. ಅವನು ವೃತ್ತಿಯಿಂದ ಯೋಧನಲ್ಲ; ಅಲಂಕಾರಶಾಸ್ತ್ರವನ್ನೂ ಪರಭಾಷೆಗಳನ್ನೂ ಕಲಿಸುತ್ತಿದ್ದ ಮೇಷ್ಟ್ರು.

ಅವನು ಹುಟ್ಟಿದ್ದು 1828ರ ಸೆಪ್ಟೆಂಬರ್ 8ರಂದು, ಬ್ರೂಯರ್ ಎಂಬ ಊರಿನಲ್ಲಿ. ಐವರು ಮಕ್ಕಳಲ್ಲಿ ಹಿರಿಯನು. ತಂದೆಗೆ ಮಗನು ವೆಸ್ಟ್ ಪಾಯಿಂಟಿನ ಸೈನಿಕಶಾಲೆಗೆ ಹೋಗಬೇಕೆಂಬ ಆಸೆ. ತಾಯಿಗೆ ಅವನು ಪಾದ್ರಿಯಾಗಬೇಕೆಂಬ ಬಯಕೆ. ತಂದೆಯು ಮಾತು ಕಡಿಮೆಯ ಕಟ್ಟುನಿಟ್ಟಿನ ಮನುಷ್ಯನು. ಒಮ್ಮೆ ಹುಲ್ಲಿನ ಬಂಡಿಯ ಚಕ್ರವು ಮರದ ಬೊಡ್ಡೆಗಳ ನಡುವೆ ಸಿಕ್ಕಿಬಿದ್ದಾಗ ಅದನ್ನು ಬಿಡಿಸೆಂದು ತಂದೆ ಹೇಳಿದನು. ಹೇಗೆ ಬಿಡಿಸಲೆಂದು ಹುಡುಗನು ಕೇಳಿದ್ದಕ್ಕೆ, ಬಿಡಿಸುವುದೇ ಬಿಡಿಸುವ ರೀತಿಯೆಂಬ ಅರ್ಥದ ಉತ್ತರ ಬಂದಿತು. ಹುಡುಗನು ಮೈಯ ಬಲವನ್ನೆಲ್ಲ ಹಾಕಿ ಬಂಡಿಯನ್ನೆತ್ತಿದನು. ಈ ಪಾಠವು ತನಗೆ ಮುಂದೆ ಎಲ್ಲ ಕಡೆಯೂ ಒದಗಿತೆಂದು ಮುದಿವಯಸ್ಸಿನಲ್ಲಿ ಅವನು ನೆನೆಯುತ್ತಿದ್ದನು.

ಹುಡುಗನಿಗೆ ತೊದಲು. ಪ, ಬ, ತ ಮೊದಲಾದ ಅಕ್ಷರಗಳಿಂದ ಆರಂಭವಾಗುವ ಮಾತುಗಳು ನಾಲಗೆಯಲ್ಲೇ ನಿಂತುಬಿಡುತ್ತಿದ್ದವು. ತರಗತಿಯಲ್ಲಿ ಬಾಯಿ ತೆರೆಯುವುದೆಂದರೆ ಅವನಿಗೆ ಪ್ರಾಣಸಂಕಟ. ಮಾತನ್ನು ಹಾಡಿನಂತೆ ಲಯದ ಮೇಲೆ ತೇಲಿಸಿದರೆ ತೊಡಕು ಬಿಡುತ್ತದೆಂಬ ಉಪಾಯವನ್ನು ಅವನೇ ಕಂಡುಹಿಡಿದುಕೊಂಡು ವರ್ಷಾನುಗಟ್ಟಲೆ ಸಾಧನೆ ಮಾಡಿದನು. ಕಡೆಗೆ ಅದೇ ಮನುಷ್ಯನು ವಾಕ್ಪಟುತ್ವವನ್ನೇ ಕಲಿಸುವ ಪ್ರಾಧ್ಯಾಪಕನಾದನು.

ಬ್ರನ್ಸ್‌ವಿಕ್ ಪಟ್ಟಣದ ಬೌಡಿನ್ ಕಾಲೇಜನ್ನು ಸೇರಬೇಕಾದರೆ ಗ್ರೀಕ್ ಭಾಷೆ ಬರಬೇಕಾಗಿತ್ತು, ಅವನಿಗದು ಬಾರದು. ಮನೆಯ ಅಟ್ಟದ ಮೇಲೆ ಬಾಗಿಲು ಹಾಕಿಕೊಂಡು ಕುಳಿತು, ಗ್ರೀಕ್ ವ್ಯಾಕರಣವನ್ನು ಮೊದಲಿನಿಂದ ಕೊನೆಯ ವರೆಗೆ ಬಾಯಿಪಾಠ ಮಾಡಿ, 1848ರಲ್ಲಿ ಪ್ರವೇಶ ಪಡೆದನು. ಹಗಲೆಲ್ಲ ತಟ್ಟೆ ಲೋಟಗಳ ನಡುವೆ ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆಯೊಡನೆ ಸೆಣಸಾಡಿ ಪರೀಕ್ಷೆಗೆ ಕುಳಿತವರು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ಅಟ್ಟದ ಕತ್ತಲೆ ಎಂಥದೆಂದು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬೌಡಿನ್ ಕಾಲೇಜಿನಲ್ಲಿ ಅವನು ಆಲ್ಫಾ ಡೆಲ್ಟಾ ಫೈ ಎಂಬ ಭ್ರಾತೃಸಂಘವನ್ನು ಸೇರಿದನು. 1832ರಲ್ಲಿ ನ್ಯೂಯಾರ್ಕ್ ಪ್ರಾಂತದ ಹ್ಯಾಮಿಲ್ಟನ್ ಕಾಲೇಜಿನಲ್ಲಿ ಸ್ಯಾಮ್ಯುಅಲ್ ಈಲ್ಸ್ ಎಂಬ ವಿದ್ಯಾರ್ಥಿಯು ಹುಟ್ಟುಹಾಕಿದ ಆ ಸಂಘವು ಮುಖ್ಯವಾಗಿ ಸಾಹಿತ್ಯದ ಅಭಿರುಚಿಯುಳ್ಳದ್ದು. ಕಾಲೇಜು ಬಿಡುವ ಹೊತ್ತಿಗೆ ಫೈ ಬೀಟಾ ಕಪ್ಪಾದ ಗೌರವವೂ ಅವನಿಗೆ ದೊರೆತಿತು. ಆದರೆ ಸಹಪಾಠಿಗಳ ಬಗೆಗೆ ಅವನಿಗಿದ್ದ ನಿಷ್ಠೆಯು ಸಂಘದ ಕಾಗದದ ಮೇಲಿನದಲ್ಲ. ಒಮ್ಮೆ ಕೆಲವು ಹುಡುಗರು ಕುಡಿದು ದಾಂಧಲೆ ಮಾಡಿದಾಗ, ಯಾರೆಂದು ಹೇಳದಿದ್ದರೆ ಕಾಲೇಜಿನಿಂದ ಹೊರಗೆ ಹಾಕುವೆನೆಂದು ಅಧ್ಯಕ್ಷರು ಚೇಂಬರ್ಲೇನನಿಗೆ ಹೆದರಿಕೆ ಹಾಕಿದರು. ಅವನು ತಪ್ಪಿನಲ್ಲಿ ಭಾಗಿಯಾಗಿರಲಿಲ್ಲ. ಆದರೂ ಹೆಸರು ಹೇಳಲೊಪ್ಪಲಿಲ್ಲ. ಗಂಟುಮೂಟೆ ಕಟ್ಟುವ ಪ್ರಸಂಗ ಬಂದಾಗ ತಪ್ಪಿತಸ್ಥರೇ ಬಂದು ಒಪ್ಪಿಕೊಂಡುದರಿಂದ ಅವನು ಉಳಿದುಕೊಂಡನು.

ಅದೇ ಕಾಲದಲ್ಲಿ ಬೌಡಿನ್ನಿನ ಒಬ್ಬ ಪ್ರಾಧ್ಯಾಪಕರ ಪತ್ನಿಯಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋ ಎಂಬಾಕೆಯು ಗುಲಾಮರ ಬಾಳನ್ನು ಕುರಿತು ಅಂಕಲ್ ಟಾಮ್ಸ್ ಕ್ಯಾಬಿನ್ ಎಂಬ ಕಾದಂಬರಿಯನ್ನು ಬರೆಯುತ್ತಿದ್ದಳು. ಶನಿವಾರದ ಸಂಜೆಗಳಲ್ಲಿ ತನ್ನ ಮನೆಯಲ್ಲಿ ನೆರೆದವರಿಗೆ ಅಧ್ಯಾಯಗಳನ್ನು ಓದಿಹೇಳುತ್ತಿದ್ದಳು. ಕೇಳಲು ಕುಳಿತವರಲ್ಲಿ ಚೇಂಬರ್ಲೇನನೂ ಒಬ್ಬನು. ಆ ಪುಸ್ತಕವು 1852ರಲ್ಲಿ ಹೊರಬಂದು ದೇಶವನ್ನೇ ಅಲುಗಾಡಿಸಿತು. ಅದೇ ಕಾಲೇಜು 1858ರಲ್ಲಿ ಜೆಫರ್ಸನ್ ಡೇವಿಸನಿಗೆ ಗೌರವ ಪದವಿಯನ್ನೂ ಕೊಟ್ಟಿತು. ಮೂರು ವರ್ಷಗಳಲ್ಲಿ ಆ ಡೇವಿಸನು ಬಂಡೆದ್ದ ದಕ್ಷಿಣದ ಅಧ್ಯಕ್ಷನಾದನು. ವಿದ್ಯಾಲಯಗಳು ಯಾರನ್ನು ಮೆರೆಸುತ್ತಿದ್ದೇವೆಂದು ಆಯಾ ಹೊತ್ತಿಗೆ ಅರಿಯವು!

1852ರಲ್ಲಿ ಪದವಿಯನ್ನೂ, ಮೂರು ವರ್ಷ ಬ್ಯಾಂಗರಿನಲ್ಲಿ ದೇವತಾಶಾಸ್ತ್ರದ ವ್ಯಾಸಂಗವನ್ನೂ ಮುಗಿಸಿ, 1855ರಲ್ಲಿ ಫ್ಯಾನಿ ಆಡಮ್ಸ್ ಎಂಬ ಪಾದ್ರಿಯ ಸಾಕುಮಗಳನ್ನು ಮದುವೆಯಾಗಿ, ಅವನು ಬೌಡಿನ್ನಿನಲ್ಲಿಯೇ ಪ್ರಾಧ್ಯಾಪಕನಾಗಿ ನಿಂತನು. ಗ್ರೀಕ್, ಲ್ಯಾಟಿನ್, ಹೀಬ್ರೂ, ಅರಬ್ಬಿ, ಜರ್ಮನ್, ಫ್ರೆಂಚ್ ಮೊದಲಾಗಿ ಹಲವು ಭಾಷೆಗಳು ಅವನಿಗೆ ಬರುತ್ತಿದ್ದವು. ಗ್ರೇಸ್ ಎಂಬ ಮಗಳು, ವಿಲಿಸ್ ಎಂಬ ಮಗ. ತಿಂಗಳ ಸಂಬಳ, ಪುಸ್ತಕಗಳು, ಚರ್ಚಿನ ಸಂಗೀತ; ಮೂವತ್ತು ದಾಟಿದ ಗೃಹಸ್ಥನಿಗೆ ಇನ್ನೇನು ಬೇಕು?

ಯುದ್ಧವು ಎರಡನೆಯ ವರ್ಷಕ್ಕೆ ಕಾಲಿಟ್ಟಿತು. 1862ರ ಜುಲೈಯಲ್ಲಿ ಅಧ್ಯಕ್ಷ ಲಿಂಕನನು ಮತ್ತೆ ಮೂರು ಲಕ್ಷ ಜನ ಬೇಕೆಂದು ಕರೆಕೊಟ್ಟನು. ಚೇಂಬರ್ಲೇನನು ಕಲಿಸಿದ ಹುಡುಗರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದರು. ತಾನು ಸೇರಬೇಕೆಂದು ಅವನು ಹೊರಟಾಗ ಕಾಲೇಜಿನ ಮೇಲಿನವರು ತಡೆದರು. ಅವನು ಪುಸ್ತಕದ ಹುಳುವೆಂದೂ ಸೈನ್ಯಕ್ಕೆ ತಕ್ಕವನಲ್ಲವೆಂದೂ ರಾಜ್ಯದ ಗವರ್ನರನಿಗೆ ಮಾತು ಮುಟ್ಟಿಸಿದವರೂ ಇದ್ದರು. ಅದಕ್ಕೆ ಮೊದಲೇ ಕಾಲೇಜು ಅವನಿಗೆ ಯೂರೋಪಿನಲ್ಲಿ ಭಾಷೆಗಳನ್ನು ಅಭ್ಯಾಸ ಮಾಡಲು ಎರಡು ವರ್ಷದ ರಜೆಯನ್ನು ಮಂಜೂರು ಮಾಡಿತ್ತು. ಅವನು ಆ ರಜೆಯನ್ನು ಕಿಸೆಗೆ ಹಾಕಿಕೊಂಡು ಹಡಗು ಹತ್ತುವ ಬದಲು ದಂಡಿನ ದಾರಿ ಹಿಡಿದನು. ಗವರ್ನರನು ಕರ್ನಲನ ಹುದ್ದೆಯನ್ನೇ ಕೊಡುವೆನೆಂದಾಗ ಅದನ್ನು ನಿರಾಕರಿಸಿ, ಕೆಳಗಿನಿಂದಾರಂಭಿಸಿ ಕೆಲಸ ಕಲಿಯುವೆನೆಂದು ಲೆಫ್ಟಿನೆಂಟ್ ಕರ್ನಲನ ಸ್ಥಾನವನ್ನು ಬೇಡಿದನು. ಗಲ್ಲೆಯ ಮೇಲೆ ಕೂರುವ ಮೊದಲು ಒಲೆಯ ಮುಂದೆ ನಿಂತವನೇ ಅಂಗಡಿಯನ್ನು ನಡೆಸಬಲ್ಲನೆಂಬುದು ನಮ್ಮ ವೃತ್ತಿಯವರಿಗೆ ಗೊತ್ತಿದ್ದ ವಿಷಯ. ಕಾಲೇಜಿನ ಪಂಡಿತನಿಗೂ ಅದು ಹೊಳೆದಿತ್ತು.

ಹೀಗೆ ಅವನು 20ನೆಯ ಮೇನ್ ರೆಜಿಮೆಂಟನ್ನು ಸೇರಿದನು. ಊರಿನವರು ಒಂದು ಒಳ್ಳೆಯ ಕುದುರೆಯನ್ನು ಕಾಣಿಕೆಯಾಗಿ ಕೊಟ್ಟು ಕಳಿಸಿದರು. ರೆಜಿಮೆಂಟಿನ ಕರ್ನಲನು ಎಡೆಲ್ಬರ್ಟ್ ಏಮ್ಸ್, ವೆಸ್ಟ್ ಪಾಯಿಂಟಿನಿಂದ ಬಂದ ತರುಣನು. ತನಗಿಂತ ಏಳು ವರ್ಷ ಚಿಕ್ಕವನಾದ ಅವನ ಮುಂದೆ ಪ್ರಾಧ್ಯಾಪಕನು ಪ್ರತಿರಾತ್ರಿಯೂ ಶಿಷ್ಯನಂತೆ ಕುಳಿತು ಯುದ್ಧಶಾಸ್ತ್ರವನ್ನು ಓದಿದನು.

ಮೊದಲ ಕಠೋರ ಅನುಭವವು ಫ್ರೆಡರಿಕ್ಸ್‌ಬರ್ಗಿನಲ್ಲಾಯಿತು. 1862ರ ಡಿಸೆಂಬರ್ 13ರಂದು ಉತ್ತರದ ಸೈನ್ಯವು ಎತ್ತರದ ಮೇಲೆ ಕಲ್ಲುಗೋಡೆಯ ಹಿಂದೆ ಭದ್ರವಾಗಿದ್ದ ಶತ್ರುಗಳ ಮೇಲೆ ಬಯಲಿನಿಂದ ಏರಿಹೋಗಿ ತರಗೆಲೆಯಂತೆ ಉದುರಿತು. ಚೇಂಬರ್ಲೇನನೂ ಅವನ ಸಂಗಡಿಗರೂ ಆ ಇಳಿಜಾರಿನಲ್ಲೇ ಸಿಕ್ಕಿಕೊಂಡು, ಕೊರೆಯುವ ಚಳಿಯಲ್ಲಿ, ಸತ್ತವರ ಹೆಣಗಳನ್ನೇ ಮರೆಮಾಡಿಕೊಂಡು ರಾತ್ರಿಯನ್ನು ಕಳೆದರು. ಮರುದಿನದ ರಾತ್ರಿ ಆಕಾಶದಲ್ಲಿ ಉತ್ತರ ಧ್ರುವದ ಬೆಳಕು ಬಣ್ಣಬಣ್ಣವಾಗಿ ಕುಣಿಯಿತಂತೆ. ಮೇನ್ ಸಂಸ್ಥಾನದವರಿಗೆ ಅದು ಪರಿಚಿತವಾದ ನೋಟ. ಆ ಬೆಳಕಿನಲ್ಲಿ ಅವರು ತಮ್ಮವರನ್ನು ಹೂಳಿದರು.

1863ರ ಮೇ ತಿಂಗಳಲ್ಲಿ ಏಮ್ಸನಿಗೆ ಬಡತಿಯಾಗಿ ಚೇಂಬರ್ಲೇನನು ರೆಜಿಮೆಂಟಿನ ಮುಖ್ಯಸ್ಥನಾದನು. ಅದೇ ಹೊತ್ತಿಗೆ ಒದಗಿದ ಒಂದು ಪ್ರಸಂಗವು ಅವನ ಯಾವ ಯುದ್ಧಕ್ಕಿಂತಲೂ ದೊಡ್ಡದೆಂದು ನನ್ನ ಅಭಿಪ್ರಾಯ. 2ನೆಯ ಮೇನ್ ರೆಜಿಮೆಂಟಿನ ಅವಧಿ ಮುಗಿದು ಹೆಚ್ಚಿನವರು ಊರಿಗೆ ಹೋದರು. ಆದರೆ 120 ಮಂದಿ, ತಿಳಿದೋ ತಿಳಿಯದೆಯೋ, ಎರಡು ವರ್ಷದ ಬದಲು ಮೂರು ವರ್ಷದ ಕರಾರಿಗೆ ಸಹಿ ಹಾಕಿದ್ದರು. ಜೊತೆಗೆ ಬಂದವರು ಮನೆಗೆ ಹೋಗುವಾಗ ತಾವೇಕೆ ಉಳಿಯಬೇಕೆಂದು ಅವರು ಆಯುಧ ಹಿಡಿಯಲೊಪ್ಪಲಿಲ್ಲ. ಮೇಲಧಿಕಾರಿಗಳು ಅವರನ್ನು ಸಂಗೀನುಗಳ ಕಾವಲಿನಲ್ಲಿ ಚೇಂಬರ್ಲೇನನ ಬಿಡಾರಕ್ಕೆ ತಳ್ಳಿ, ಹೇಳಿದಂತೆ ಕೇಳದವರನ್ನು ಗುಂಡಿಕ್ಕಿ ಕೊಲ್ಲಬಹುದೆಂಬ ಅಧಿಕಾರವನ್ನೂ ಕೊಟ್ಟರು. ಬಂದವರಿಗೆ ಮೂರು ದಿನಗಳಿಂದ ಊಟವಿರಲಿಲ್ಲ.

ಅವನು ಮೊದಲು ಕಾವಲುಗಾರರನ್ನು ಹಿಂದಕ್ಕೆ ಕಳಿಸಿದನು. ಅನಂತರ ಅನ್ನಕ್ಕೆ ಏರ್ಪಾಡು ಮಾಡಿದನು. ಉಂಡಾದ ಮೇಲೆ ಅವರ ದೂರನ್ನು ಪೂರ್ತಿಯಾಗಿ ಕೇಳಿ, ನ್ಯಾಯಕ್ಕಾಗಿ ತಾನು ಬರೆದು ವಿಚಾರಿಸುವೆನೆಂದೂ ಅಷ್ಟರವರೆಗೆ ಉಳಿದ ಸೈನಿಕರಂತೆಯೇ ಅವರನ್ನು ನಡೆಸಿಕೊಳ್ಳುವೆನೆಂದೂ ತಿಳಿಸಿದನು. ಒಂದೇ ಕಡೆ ಗುಂಪಾಗಿ ಬಿಡದೆ ಬೇರೆ ಬೇರೆ ಕಂಪೆನಿಗಳಲ್ಲಿ ಹಂಚಿಹಾಕಿದನು. ಕೆಲವೇ ಮಂದಿಯನ್ನು ಬಿಟ್ಟರೆ ಎಲ್ಲರೂ ಕೋವಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಇಪ್ಪತ್ತು ವರ್ಷಗಳ ಕಾಲ ನೂರಾರು ಜನರಿಗೆ ಎಲೆ ಹಾಕಿಸಿದ ಅನುಭವದಿಂದ ಹೇಳುತ್ತೇನೆ: ಹಸಿದವನೊಡನೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮೇಷ್ಟ್ರಿಗೆ ಈ ವಿದ್ಯೆಯನ್ನು ಯಾವ ಕಾಲೇಜು ಕಲಿಸಿತ್ತೋ!

ಕೆಲವೇ ವಾರಗಳಲ್ಲಿ ಈ 120 ಜನರ ಬೆಲೆ ತಿಳಿದುಬಂದಿತು. ದಕ್ಷಿಣದ ಸೇನಾಪತಿ ಲೀ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದನು. ಜುಲೈ 1ರಿಂದ 3ರ ವರೆಗೆ ಗೆಟಿಸ್‌ಬರ್ಗಿನಲ್ಲಿ ಮಹಾಯುದ್ಧವಾಯಿತು. ಎರಡನೆಯ ದಿನ ಮಧ್ಯಾಹ್ನ, ಉತ್ತರದ ಸೈನ್ಯದ ಎಡತುದಿಯಲ್ಲಿ ಲಿಟ್ಲ್ ರೌಂಡ್ ಟಾಪ್ ಎಂಬ ಕಲ್ಲುಗುಡ್ಡವು ಕಾವಲಿಲ್ಲದೆ ಬಿದ್ದಿರುವುದು ಕಡೆಯ ಗಳಿಗೆಯಲ್ಲಿ ಕಣ್ಣಿಗೆ ಬಿದ್ದಿತು. ಸ್ಟ್ರಾಂಗ್ ವಿನ್ಸೆಂಟ್ ಎಂಬ ಹಾರ್ವರ್ಡ್ ಪದವೀಧರನಾದ ಬ್ರಿಗೇಡಿನ ಮುಖ್ಯಸ್ಥನು ತನ್ನ ನಾಲ್ಕು ರೆಜಿಮೆಂಟುಗಳನ್ನು ಓಡಿಸಿಕೊಂಡು ಬಂದು ಅಲ್ಲಿ ನಿಲ್ಲಿಸಿದನು. ತೀರ ಕೊನೆಯ ಸ್ಥಾನವು 20ನೆಯ ಮೇನಿನ ಪಾಲಿಗೆ ಬಂದಿತು. ಅದರ ಎಡಕ್ಕೆ ಯಾರೂ ಇಲ್ಲ. ಅದು ಮುರಿದರೆ ಶತ್ರುವು ಇಡೀ ಸೈನ್ಯದ ಬೆನ್ನಿಗೆ ಬರುವನು. ಯಾವ ಕಾರಣಕ್ಕೂ ಜಾಗ ಬಿಡಕೂಡದೆಂದು ಆಜ್ಞೆಯಾಯಿತು. ವಿನ್ಸೆಂಟನು ಆ ಸಂಜೆಯೇ ಮಾರಕವಾಗಿ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡನು.

ಚೇಂಬರ್ಲೇನನ ಬಳಿ ಇದ್ದವರು ಸುಮಾರು 386 ಮಂದಿ. ಒಬ್ಬೊಬ್ಬನಲ್ಲಿ ಅರವತ್ತು ತೋಟೆಗಳು. ಒಂದು ಕಂಪೆನಿಯನ್ನು ಎಡಗಡೆಯ ಕಾಡಿನೊಳಗೆ ಕಾವಲಿಗೆ ಕಳಿಸಿದ ಮೇಲೆ ಉಳಿದವರ ಮೇಲೆ ಅಲಬಾಮಾದ ರೆಜಿಮೆಂಟುಗಳು, ಮುಖ್ಯವಾಗಿ ವಿಲಿಯಂ ಓಟ್ಸನ 15ನೆಯ ಅಲಬಾಮಾ, ಮತ್ತೆ ಮತ್ತೆ ಏರಿಬಂದವು. ಶತ್ರುವು ಎಡಗಡೆಯಿಂದ ಸುತ್ತುವರಿಯುತ್ತಿರುವುದನ್ನು ಕಂಡು, ಗುಂಡಿನ ಮಳೆಯ ನಡುವೆಯೇ ಅವನು ತನ್ನ ಸಾಲನ್ನು ಉದ್ದಕ್ಕೆ ಹಿಗ್ಗಿಸಿ, ಎಡ ಅರ್ಧವನ್ನು ಹಿಂದಕ್ಕೆ ಮಡಿಚಿ ಮೂಲೆಯಾಕಾರದಲ್ಲಿ ನಿಲ್ಲಿಸಿದನು. ಆ ಎಡಪಕ್ಕವನ್ನು ನಡೆಸುತ್ತಿದ್ದವನು ಎಲಿಸ್ ಸ್ಪಿಯರ್, ಅವನೂ ಬೌಡಿನ್ ಕಾಲೇಜಿನವನೇ. ಮೂಲೆಯ ತುದಿಯಲ್ಲಿ ಬಾವುಟ ಹಿಡಿದವನು ಆಂಡ್ರೂ ಟೋಜಿಯರ್. ಸುತ್ತಲಿನವರೆಲ್ಲ ಬಿದ್ದ ಮೇಲೂ ಅವನೊಬ್ಬನೇ ಬಾವುಟವನ್ನು ತೋಳಿನ ಸಂದಿನಲ್ಲಿ ಒತ್ತಿಹಿಡಿದು ಗುಂಡು ಹಾರಿಸುತ್ತ ನಿಂತಿದ್ದನು. ಈ ಟೋಜಿಯರನು 2ನೆಯ ಮೇನಿನಿಂದ ಬಂದು ಸೇರಿದವನೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಒಂದೂವರೆ ಗಂಟೆಯಾಯಿತು. ಮೂರನೆಯ ಒಂದು ಪಾಲು ಜನ ಬಿದ್ದರು. ತೋಟೆಗಳು ಮುಗಿದವು, ಸತ್ತವರ ಚೀಲಗಳನ್ನು ಹುಡುಕಿದ್ದೂ ಆಯಿತು. ಹಿಂದೆ ಸರಿಯುವಂತಿಲ್ಲ, ಬರಿಗೈಯಲ್ಲಿ ನಿಲ್ಲುವಂತಿಲ್ಲ. ಆಗ ಚೇಂಬರ್ಲೇನನು ಸಂಗೀನುಗಳನ್ನು ಸಿಕ್ಕಿಸಿ ಇಳಿಜಾರಿನಲ್ಲಿ ಮುನ್ನುಗ್ಗುವ ನಿರ್ಧಾರಕ್ಕೆ ಬಂದನು. ಮಡಿಚಿದ್ದ ಎಡಪಕ್ಕವು ಮೊದಲು ಓಡಿಬಂದು ಬಲಪಕ್ಕಕ್ಕೆ ಸಮನಾದೊಡನೆ, ಇಡೀ ಸಾಲು ತಿರುಗಣಿಯ ಮೇಲಿನ ಬಾಗಿಲಿನಂತೆ ಬಲಕ್ಕೆ ಬೀಸಿಕೊಂಡು ಕೆಳಗೆ ಇಳಿಯಿತು. ಅದೇ ಕ್ಷಣದಲ್ಲಿ, ಕಾಡಿನೊಳಗೆ ಕಳೆದುಹೋಗಿದ್ದರೆಂದು ತಿಳಿದಿದ್ದ ಕಾವಲಿನ ಕಂಪೆನಿಯು ಒಂದು ಕಲ್ಲುಗೋಡೆಯ ಹಿಂದಿನಿಂದ ಎದ್ದು ಶತ್ರುವಿನ ಬೆನ್ನಿಗೆ ಗುಂಡು ಹಾರಿಸಿತು. ಆ ದಿನ ನೀರಿಲ್ಲದೆ ಬಹುದೂರ ನಡೆದು ಬಂದು ಬಸವಳಿದಿದ್ದ ಅಲಬಾಮಾದವರು ಚೆದುರಿದರು. ನೂರಾರು ಮಂದಿ ಸೆರೆಸಿಕ್ಕರು. ಓಟ್ಸನ ತಮ್ಮ ಜಾನನು ಅಲ್ಲಿ ಗಾಯಗೊಂಡು ಬಿದ್ದು, ಸೆರೆಯಲ್ಲಿಯೇ ಸತ್ತನು.

ಈ ಆಜ್ಞೆಯನ್ನು ಕೊಟ್ಟವರು ಯಾರೆಂಬ ವಿವಾದವು ಅರ್ಧ ಶತಮಾನ ನಡೆಯಿತು. ಗಾಯಾಳುಗಳನ್ನು ಎತ್ತಿತರಲು ಮುಂದೆ ಹೋಗುವೆನೆಂದು ಹೋಲ್ಮನ್ ಮೆಲ್ಚರ್ ಎಂಬ ಕಿರಿಯ ಅಧಿಕಾರಿಯು ಕೇಳಿದ್ದರಿಂದಲೇ ನುಗ್ಗಾಟ ಮೊದಲಾಯಿತೆಂದು ಕೆಲವರೂ, ತನಗೆ ಯಾವ ಆಜ್ಞೆಯೂ ಕೇಳಿಸಲಿಲ್ಲವೆಂದು ಸ್ಪಿಯರನೂ ಮುಂದೆ ಹೇಳಿದರು. ಮೊದಲು ಸ್ನೇಹಿತನಾಗಿದ್ದ ಸ್ಪಿಯರನು ಮುಪ್ಪಿನಲ್ಲಿ, ಚೇಂಬರ್ಲೇನನು ಕಥೆಗೆ ಬಣ್ಣ ಬಳಿಯುತ್ತಾನೆಂದು ಬೇಸರಪಟ್ಟುಕೊಂಡನು. ಅದರಲ್ಲಿ ಸ್ವಲ್ಪ ಸತ್ಯವಿರಬಹುದು; ಪ್ರಾಧ್ಯಾಪಕನ ಬರವಣಿಗೆಗೆ ಅಲಂಕಾರವು ಅಂಟಿದ ಗುಣ. ಆದರೆ ಅಲ್ಲಿ ನಿಂತವರು ಯಾರ ಅಧೀನದಲ್ಲಿ ನಿಂತಿದ್ದರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿಲ್ಲ.

1864ರ ಜೂನ್ 18ರಂದು ಪೀಟರ್ಸ್‌ಬರ್ಗಿನ ಕೋಟೆಸಾಲಿನ ಮೇಲೆ ಏರಿಹೋಗುವಾಗ, ಬಾವುಟದವನು ಬಿದ್ದನೆಂದು ತಾನೇ ಬಾವುಟವನ್ನೆತ್ತಿಕೊಂಡು ಹಿಂದಿನವರಿಗೆ ದಾರಿ ತೋರಲು ತಿರುಗಿದನು. ಗುಂಡು ಬಲಸೊಂಟವನ್ನು ಹೊಕ್ಕು ಎಡಗಡೆಗೆ ಹಾದುಹೋಯಿತು. ಬೀಳುವುದನ್ನು ತನ್ನವರು ಕಂಡರೆ ಧೈರ್ಯಗೆಡುವರೆಂದು ಕತ್ತಿಯನ್ನು ನೆಲಕ್ಕೂರಿ, ಸಾಲು ತನ್ನನ್ನು ದಾಟಿ ಮುಂದೆ ಹೋಗುವ ವರೆಗೂ ನಿಂತಿದ್ದು, ಆಮೇಲೆ ಕುಸಿದನು. ಮೂತ್ರಕೋಶಕ್ಕೆ ಪೆಟ್ಟು ಬಿದ್ದುದರಿಂದ ವೈದ್ಯರು ಕೈಬಿಟ್ಟರು. ಸಾಯುವವನಿಗೆ ಕೊನೆಯ ಗೌರವವೆಂದು ಸೇನಾಪತಿ ಗ್ರ್ಯಾಂಟನು ರಣರಂಗದಲ್ಲಿಯೇ ಅವನನ್ನು ಬ್ರಿಗೇಡಿಯರ್ ಜನರಲನನ್ನಾಗಿ ಮಾಡಿದನು. ಪತ್ರಿಕೆಗಳು ಅವನ ಮರಣವಾರ್ತೆಯನ್ನು ಅಚ್ಚು ಹಾಕಿದವು. ಅದೇ ದಂಡಿನಲ್ಲಿದ್ದ ತಮ್ಮ ಟಾಮನು ಇಬ್ಬರು ವೈದ್ಯರನ್ನು ಕರೆದುಕೊಂಡು ರಾತ್ರಿ ಹುಡುಕುತ್ತ ಬಂದನು. ಅವರು ಮಾಡಿದ ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಗಾಯ ಮಾತ್ರ ಮಾಯಲಿಲ್ಲ. ಮುಂದಿನ ಐವತ್ತು ವರ್ಷ ಅವನು ಆ ಗಾಯವನ್ನು ಬಟ್ಟೆಯ ಕೆಳಗೆ ಹೊತ್ತುಕೊಂಡೇ ಸಭೆಗಳಲ್ಲಿ ನಿಂತನು. ಮನೆಯಲ್ಲಿಯೇ ಇರಬಹುದಾಗಿದ್ದರೂ ನವೆಂಬರಿನಲ್ಲಿ, ಕುದುರೆ ಏರಲೂ ಕಷ್ಟಪಡುತ್ತ, ದಂಡಿಗೆ ಹಿಂತಿರುಗಿದನು. 1865ರ ಮಾರ್ಚ್ 29ರಂದು ಕ್ವೇಕರ್ ರಸ್ತೆಯ ಕದನದಲ್ಲಿ ಮತ್ತೆ ಎದೆಗೂ ತೋಳಿಗೂ ಗುಂಡು ತಾಗಿತು. ಯುದ್ಧದಲ್ಲಿ ಒಟ್ಟು ಆರು ಸಲ ಗಾಯಗೊಂಡನು.

ಏಪ್ರಿಲ್ 9ರಂದು ಅಪೊಮ್ಯಾಟಾಕ್ಸಿನಲ್ಲಿ ಲೀ ಶರಣಾದನು. 12ರಂದು ಅವನ ಕಾಲಾಳುಗಳು ಸಾಲಾಗಿ ಬಂದು ಆಯುಧಗಳನ್ನೂ ಬಾವುಟಗಳನ್ನೂ ಒಪ್ಪಿಸುವ ವಿಧಿ. ಎದುರಿನಲ್ಲಿ ನಿಂತ ಉತ್ತರದ ಸಾಲುಗಳ ಮುಂದೆ ಚೇಂಬರ್ಲೇನನಿದ್ದನು. ಬಂದವರ ಮುಂದಾಳು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಜಾನ್ ಗಾರ್ಡನ್, ತಲೆ ಬಾಗಿಸಿಕೊಂಡು ಕುದುರೆಯ ಮೇಲೆ ಬರುತ್ತಿದ್ದನು. ಆಗ ಚೇಂಬರ್ಲೇನನ ಅಪ್ಪಣೆಯಂತೆ ಕಹಳೆ ಊದಿತು. ಗೆದ್ದವರ ಸಾಲು ಕೋವಿಗಳನ್ನು ಭುಜಕ್ಕೇರಿಸಿ ಸೋತವರಿಗೆ ಮರ್ಯಾದೆ ಸಲ್ಲಿಸಿತು. ಗಾರ್ಡನನು ತಲೆಯೆತ್ತಿ, ಕತ್ತಿಯನ್ನು ತಗ್ಗಿಸಿ ಪ್ರತಿಮರ್ಯಾದೆ ಮಾಡಿ, ತನ್ನವರಿಗೂ ಹಾಗೆಯೇ ಮಾಡಲು ಹೇಳಿದನು. ಇಬ್ಬರೂ ಮುಂದೆ ಇದನ್ನು ಬರೆದಿಟ್ಟಿದ್ದಾರೆ. ದೃಶ್ಯವೇನೋ ಕಣ್ಣನ್ನು ತೇವಗೊಳಿಸುವಂಥದೇ. ಆದರೆ ಒಂದು ಮಾತನ್ನು ಹೇಳದಿರಲಾರೆ. ಆ ಗಾರ್ಡನನು ಮುಂದೆ ಸೆನೆಟರನೂ ಗವರ್ನರನೂ ಆಗಿ, ಬಿಡುಗಡೆಯಾದ ಕರಿಯರಿಗೆ ಹಕ್ಕು ಸಿಗದಂತೆ ನೋಡಿಕೊಂಡವರ ಪಕ್ಷದಲ್ಲಿಯೇ ನಿಂತನು. ಬಿಳಿಯ ಅಣ್ಣತಮ್ಮಂದಿರು ಕೈಕುಲುಕಿದ ಮೇಲೆ ಆ 40 ಲಕ್ಷ ಜನರ ಗತಿಯೇನೆಂಬುದನ್ನು ಕೇಳುವವರು ಬಹುಕಾಲ ಇರಲಿಲ್ಲ. ಸಂಜೆಗಳಲ್ಲಿ ಸ್ಟೋ ಮನೆಯಲ್ಲಿ ಕುಳಿತು ಗುಲಾಮರ ಕಥೆ ಕೇಳಿದ್ದ ಚೇಂಬರ್ಲೇನನೂ ತನ್ನ ಮುಂದಿನ ಭಾಷಣಗಳಲ್ಲಿ ಸೈನಿಕರ ಶೌರ್ಯವನ್ನು ಹೊಗಳಿದಷ್ಟು ಆ ಜನರನ್ನು ನೆನೆಯಲಿಲ್ಲ.

ಊರಿಗೆ ಮರಳಿದ ವೀರನನ್ನು ಜನರು ನಾಲ್ಕು ಸಲ ಗವರ್ನರನನ್ನಾಗಿ ಆರಿಸಿದರು. ಆಗ ಒಂದು ಅವಧಿಯೆಂದರೆ ಒಂದೇ ವರ್ಷ. ಮನೆಯಲ್ಲಿ ಮಾತ್ರ ನೆಮ್ಮದಿಯಿರಲಿಲ್ಲ. ವರ್ಷಗಳ ಅಗಲಿಕೆಯೂ ಗಾಯದ ನೋವೂ ಸೇರಿ ದಾಂಪತ್ಯವು ಬಿರುಕು ಬಿಟ್ಟು, 1868ರಲ್ಲಿ ಫ್ಯಾನಿಯು ವಿಚ್ಛೇದನದ ಮಾತನ್ನೂ ಎತ್ತಿದ್ದಳು. ಹೇಗೋ ಕೂಡಿಕೊಂಡರು. 1871ರಲ್ಲಿ ಅವನು ಬೌಡಿನ್ ಕಾಲೇಜಿನ ಅಧ್ಯಕ್ಷನಾದನು. ಆ ವರ್ಷ ತನ್ನ ಮನೆಯನ್ನು ದೊಡ್ಡದು ಮಾಡಿದ ರೀತಿಯೂ ಅವನ ಸ್ವಭಾವಕ್ಕೆ ತಕ್ಕದ್ದೇ: ಮೇಲೆ ಕಟ್ಟುವ ಬದಲು, ಇದ್ದ ಮನೆಯನ್ನೇ ಮೇಲಕ್ಕೆತ್ತಿಸಿ ಅದರ ಕೆಳಗೆ ಹೊಸ ಅಂತಸ್ತನ್ನು ಕಟ್ಟಿಸಿದನು.

ಅಧ್ಯಕ್ಷನಾಗಿ ಅವನು ವಿಜ್ಞಾನದ ಪಾಠಗಳನ್ನು ತಂದನು, ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿದನು. ಆದರೆ ಯುದ್ಧಕಾಲದ ವಿದ್ಯಾರ್ಥಿಗಳು ಸಿದ್ಧತೆಯಿಲ್ಲದೆ ಹೋಗಿ ಸತ್ತುದನ್ನು ಕಂಡಿದ್ದವನಾದ್ದರಿಂದ 1872ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಸೈನಿಕ ಕವಾಯತನ್ನು ಕಡ್ಡಾಯ ಮಾಡಿದನು. ಹುಡುಗರಿಗೆ ಅದು ಹಿಡಿಸಲಿಲ್ಲ. ಸಮವಸ್ತ್ರದ ಖರ್ಚು ಬೇರೆ ಅವರ ತಲೆಯ ಮೇಲೆಯೇ. 1874ರ ಮೇ ತಿಂಗಳಲ್ಲಿ ಮೂರು ತರಗತಿಗಳವರು ಒಟ್ಟಾಗಿ ಕವಾಯತು ಮಾಡುವುದಿಲ್ಲವೆಂದು ಕೈಕಟ್ಟಿ ನಿಂತರು. ಗುಂಡಿಕ್ಕುವ ಅಧಿಕಾರವಿದ್ದಾಗ 120 ದಂಗೆಕೋರರನ್ನು ಅನ್ನದಿಂದ ಗೆದ್ದಿದ್ದವನು ಈ ಸಲ ಬೇರೆ ದಾರಿ ಹಿಡಿದನು. ಅವರನ್ನೆಲ್ಲ ಊರಿಗೆ ಕಳಿಸಿ, ಹತ್ತು ದಿನಗಳೊಳಗೆ ವಿಧೇಯತೆಯನ್ನು ಬರೆದುಕೊಡದಿದ್ದರೆ ಕಾಲೇಜಿನಿಂದ ತೆಗೆದುಹಾಕುವೆನೆಂದು ತಂದೆತಾಯಿಗಳಿಗೆ ಬರೆದನು. ಕೆಲವರನ್ನು ಬಿಟ್ಟು ಎಲ್ಲರೂ ಮರಳಿದರು; ಹೀಗೆ ಅಧ್ಯಕ್ಷನೇ ಗೆದ್ದನೆನ್ನಬಹುದು. ಆದರೆ ಆಡಳಿತ ಮಂಡಳಿಯು ಅನಂತರ ಕವಾಯತನ್ನು ಐಚ್ಛಿಕ ಮಾಡಿತು. ಹುಡುಗರು ಅತ್ತ ಸುಳಿಯಲಿಲ್ಲ. ಕಡೆಗೆ ಅದು ನಿಂತೇಹೋಯಿತು. ಅದೇ ಕಾಲದ ಕೆಲಸವಾಗಿ ಯುದ್ಧಕ್ಕೆ ಹೋದ ಬೌಡಿನ್ನಿನವರ ನೆನಪಿಗೆ ಕಟ್ಟಿದ ಮೆಮೋರಿಯಲ್ ಹಾಲ್ 1882ರಲ್ಲಿ ಪೂರ್ತಿಯಾಯಿತು. ಉತ್ತರದ ಪರವಾಗಿ ಹೋರಾಡಿದವರ ಹೆಸರುಗಳು ಅದರ ಗೋಡೆಯ ಕಂಚಿನ ಫಲಕಗಳ ಮೇಲಿವೆ.

1880ರ ಜನವರಿಯಲ್ಲಿ ಒಂದು ಚುನಾವಣೆಯ ಎಣಿಕೆಯ ಜಗಳದಿಂದ ರಾಜಧಾನಿ ಅಗಸ್ಟಾದಲ್ಲಿ ಎರಡು ಪಕ್ಷಗಳವರೂ ಆಯುಧ ಹಿಡಿದು ನಿಂತಾಗ, ಸಂಸ್ಥಾನದ ಸೈನ್ಯದ ಮುಖ್ಯಸ್ಥನಾಗಿ ಹನ್ನೆರಡು ದಿನ ಶಾಂತಿ ಕಾಪಾಡಿದವನೂ ಅವನೇ. ಕೊಲ್ಲಲು ಬಂದ ಗುಂಪಿನೆದುರು ಮೆಟ್ಟಿಲ ಮೇಲೆ ನಿಂತು ಕೋಟನ್ನು ಬಿಚ್ಚಿ ಎದೆಯನ್ನು ತೋರಿಸಿದನು, ಗುಂಪಿನಲ್ಲಿದ್ದ ಹಳೆಯ ಸೈನಿಕನೊಬ್ಬನು ಅವನ ಪರವಾಗಿ ನಿಂತನು, ಜನ ಚೆದುರಿತು. ಸೈನ್ಯವನ್ನು ಕರೆಸದೆ, ಸ್ವಂತ ಪಕ್ಷದ ಮುಖಂಡರಿಗೂ ಮಣಿಯದೆ, ನ್ಯಾಯಾಲಯದ ತೀರ್ಪು ಬರುವ ವರೆಗೂ ಕಾದನು. ಅದರಿಂದ ಎರಡು ಪಕ್ಷಗಳಿಗೂ ಬೇಡವಾದನು. 1883ರಲ್ಲಿ ಕಾಲೇಜನ್ನು ಬಿಟ್ಟು ಫ್ಲಾರಿಡಾದಲ್ಲಿ ಜಮೀನು, ರೈಲುದಾರಿ ಎಂದು ಕೈಹಾಕಿದ ವ್ಯಾಪಾರಗಳು ಫಲಿಸಲಿಲ್ಲ. 1893ರಲ್ಲಿ, ಗುಡ್ಡದ ಕಾದಾಟವಾಗಿ ಮೂವತ್ತು ವರ್ಷಗಳ ಮೇಲೆ, ದೇಶದ ಅತ್ಯುನ್ನತ ಶೌರ್ಯಪದಕವು ಬಂದಿತು; ಬಾವುಟದ ಟೋಜಿಯರನಿಗೆ ಅದು 1898ರಲ್ಲಿ ದೊರೆಯಿತು. ಹೊಟ್ಟೆಪಾಡಿಗೆ 1900ರಲ್ಲಿ ಪೋರ್ಟ್‌ಲೆಂಡ್ ಬಂದರಿನಲ್ಲಿ ಸುಂಕದ ಇಲಾಖೆಯ ಒಂದು ಸಣ್ಣ ಹುದ್ದೆಯನ್ನು ಒಪ್ಪಿಕೊಂಡನು. ಕಣ್ಣು ಕಳೆದುಕೊಂಡಿದ್ದ ಫ್ಯಾನಿಯು 1905ರಲ್ಲಿ ತೀರಿಕೊಂಡಳು.

ಅದೇ ಸುಮಾರಿಗೆ ಅಲಬಾಮಾದ ಓಟ್ಸನು, ಅಷ್ಟರಲ್ಲಿ ಅವನೂ ತನ್ನ ಸಂಸ್ಥಾನದ ಗವರ್ನರನಾಗಿ ಬಂದವನು, ಸತ್ತ ತಮ್ಮನ ನೆನಪಿಗೆ ಗೆಟಿಸ್‌ಬರ್ಗಿನ ಆ ಗುಡ್ಡದ ಮೇಲೆ ಒಂದು ಕಲ್ಲು ನೆಡಿಸಬೇಕೆಂದು ಹೊರಟನು. ಅಲಬಾಮಾದವರು ಅಷ್ಟು ಮೇಲಕ್ಕೆ ಬಂದಿದ್ದರೇ ಎಂಬ ಪ್ರಶ್ನೆ ಎದ್ದಿತು. ಚೇಂಬರ್ಲೇನನು ಕಲ್ಲಿಗೆ ತನ್ನ ಅಡ್ಡಿಯಿಲ್ಲವೆಂದೂ, ಜಾಗ ಮಾತ್ರ ಸರಿಯಾದದ್ದಾಗಿರಬೇಕೆಂದೂ ಪಟ್ಟು ಹಿಡಿದನು. ಇಬ್ಬರು ಮುದುಕರು ಕೆಲವು ಗಜಗಳಿಗಾಗಿ ಕಾಗದದ ಮೇಲೆ ಮತ್ತೊಮ್ಮೆ ಯುದ್ಧ ಮಾಡಿದರು. ಕಲ್ಲು ಏಳಲೇ ಇಲ್ಲ.

ಕದನದ ಐವತ್ತನೆಯ ವರ್ಷದ ಸಮಾರಂಭವು 1913ರ ಜುಲೈಯಲ್ಲಿ ಗೆಟಿಸ್‌ಬರ್ಗಿನಲ್ಲಿ ನಡೆದಾಗ, ಅದರ ಸಿದ್ಧತೆಯಲ್ಲಿ ಭಾಗಿಯಾಗಿದ್ದರೂ, ದೇಹಸ್ಥಿತಿಯ ಕಾರಣದಿಂದ ಅವನು ಹೋಗಲಾಗಲಿಲ್ಲ. ಎರಡು ತಿಂಗಳ ಮುಂಚೆ, ಮೇ ತಿಂಗಳಲ್ಲಿಯೇ ಹೋಗಿ ಗುಡ್ಡವನ್ನು ನೋಡಿ ಬಂದಿದ್ದನು. 1914ರ ಫೆಬ್ರವರಿ 24ರಂದು ಪೋರ್ಟ್‌ಲೆಂಡಿನಲ್ಲಿ, ತನ್ನ 85ನೆಯ ವಯಸ್ಸಿನಲ್ಲಿ, ಪೀಟರ್ಸ್‌ಬರ್ಗಿನ ಆ ಹಳೆಯ ಗಾಯವು ಕೆರಳಿ ನಂಜೇರಿ ಅವನು ಪ್ರಾಣಬಿಟ್ಟನು. ದೇಹವನ್ನು ಬ್ರನ್ಸ್‌ವಿಕ್ಕಿಗೆ ತಂದು, ಕಾಲೇಜಿನ ಸಮೀಪದ ಪೈನ್ ಗ್ರೋವ್ ಸ್ಮಶಾನದಲ್ಲಿ ಹೂಳಿದರು. ಯುದ್ಧದ ಕೊನೆಯ ದಿನಗಳನ್ನು ಕುರಿತು ಅವನು ಬರೆದಿಟ್ಟಿದ್ದ ಪುಸ್ತಕವು ಮರುವರ್ಷ ಅಚ್ಚಾಗಿ ಹೊರಬಂದಿತು.